ಮೂರನೇ ನಾಜಲ್

ಬೆಳಿಗ್ಗೆ ಪಿಕಪ್ ಸ್ಟಾರ್ಟ್ ಮಾಡಿದರೆ ಗಡಗಡ ನಡುಗುತ್ತಿತ್ತು. ಮಿಸ್ಸಿಂಗ್, ಅಂದರೆ ಒಂದು ಸಿಲಿಂಡರ್ ಸರಿಯಾಗಿ ಉರಿಯುತ್ತಿರಲಿಲ್ಲ. ಹಿಂದೆ ಬಿಳಿ ಹೊಗೆ, ಕಣ್ಣು ಉರಿಯುವಷ್ಟು ಡೀಸೆಲ್ ವಾಸನೆ. ಏರ್ ಫಿಲ್ಟರ್, ಡೀಸೆಲ್ ಫಿಲ್ಟರ್ ಎರಡೂ ಹೋದ ವಾರವಷ್ಟೇ ಹೊಸದು ಹಾಕಿಸಿದ್ದೆ.

ಮಂಡ್ಯದಲ್ಲಿ ಗುತ್ತಲು ರಸ್ತೆಯ ಮೇಸ್ತ್ರಿ ಹತ್ತಿರ ಹೋದೆ. ಅವರು ಏನನ್ನೂ ಬಿಚ್ಚಲಿಲ್ಲ. ಇಂಜಿನ್ ಓಡುತ್ತಿರುವಾಗಲೇ 17ರ ಸ್ಪ್ಯಾನರ್ ಹಿಡಿದು ಮೊದಲನೇ ನಾಜಲ್ (ಸಿಲಿಂಡರಿನೊಳಗೆ ಡೀಸೆಲ್ ಸಿಂಪಡಿಸುವ ಮೂತಿ) ಪೈಪಿನ ನಟ್ ಸ್ವಲ್ಪ ಸಡಿಲ ಮಾಡಿದರು. ಆ ಸಿಲಿಂಡರಿಗೆ ಡೀಸೆಲ್ ನಿಂತು ಇಂಜಿನ್ ಸದ್ದು ಕುಸಿಯಿತು. ಬಿಗಿ ಮಾಡಿದರು. ಎರಡನೆಯದೂ ಹಾಗೇ. ಮೂರನೆಯದು ಸಡಿಲ ಮಾಡಿದರೆ ಸದ್ದು ಒಂಚೂರೂ ಬದಲಾಗಲಿಲ್ಲ.

"ನೋಡಪ್ಪ, ಇದು ಮೊದಲೇ ಕೆಲಸ ಮಾಡ್ತಿರಲಿಲ್ಲ. ಕೈ ಹತ್ತಿರ ತರಬೇಡ, ಡೀಸೆಲ್ ಚರ್ಮದೊಳಗೇ ನುಗ್ಗಿಬಿಡುತ್ತೆ."

(ಹಳೇ ಪಂಪಿನ ಗಾಡಿಗೆ ಮಾತ್ರ ಇದು. ಎಲ್ಲ ನಾಜಲ್ಲಿಗೂ ಒಂದೇ ಪೈಪಿನಿಂದ ಡೀಸೆಲ್ ಹೋಗುವ ಕಾಮನ್ ರೈಲ್ ಇಂಜಿನ್ನಿನಲ್ಲಿ ಒತ್ತಡ ತುಂಬಾ ಜಾಸ್ತಿ, ಹೀಗೆ ಮಾಡಲೇಬಾರದು.)

ಆಮೇಲೆ ಎರಡನೇ ಮತ್ತು ಮೂರನೇ ನಾಜಲ್ ಅದಲುಬದಲು ಮಾಡಿದರು. ತೊಂದರೆ ಎರಡನೇ ಸಿಲಿಂಡರಿಗೆ ಬಂತು. ಅಂದರೆ ಡೀಸೆಲ್ ಪಂಪು ಸರಿ, ಕಂಪ್ರೆಷನ್ (ಸಿಲಿಂಡರಿನಲ್ಲಿ ಗಾಳಿ ಒತ್ತುವುದು) ಸರಿ, ನಾಜಲ್ಲೇ ಕೆಟ್ಟಿದೆ. ಟೆಸ್ಟಿಗೆ ಹಾಕಿದಾಗ ಮಂಜಿನ ಹಾಗೆ ಸಿಂಪಡಿಸುವ ಬದಲು ತೊಟ್ಟಿಕ್ಕುತ್ತಿತ್ತು.

ನಾನಾಗಿದ್ದರೆ ಗಾಬರಿಯಲ್ಲಿ ಪಂಪೇ ಬಿಚ್ಚಿಸುತ್ತಿದ್ದೆ. ಅವರು ಚೆನ್ನಾಗಿರುವುದನ್ನು ಒಂದೊಂದಾಗಿ ನಿಲ್ಲಿಸಿ, ಕೆಟ್ಟದ್ದು ಯಾವುದು ಅಂತ ಕಿವಿಯಲ್ಲೇ ಹಿಡಿದರು. ಮನೆಯಲ್ಲೂ ಹಾಗೇ ಅಲ್ವಾ? ಅಮ್ಮ ಎರಡು ದಿನ ಊರಿಗೆ ಹೋದರೆ ಇಡೀ ಮನೆಯ ಸದ್ದೇ ಕುಸಿಯುತ್ತೆ.

ನಾಜಲ್ ಸರಿಯಾದ ಮೇಲೆ ಸಂಜೆ ಸ್ಟಾರ್ಟ್ ಮಾಡಿದೆ. ಡ್ಯಾಶ್‌ಬೋರ್ಡ್ ಮೇಲಿಟ್ಟ ಟೀ ಲೋಟ ಅಲುಗಲಿಲ್ಲ. ನಾಳೆ ಬೆಳಿಗ್ಗೆ ಆಲೆಮನೆಯಿಂದ ಬೆಲ್ಲ ತುಂಬಬೇಕು.