ಮಂಡಕ್ಕಿ ಭಟ್ಟಿಯ ಬಾಗಿಲು

ಜನವರಿ 1ಕ್ಕೆ ಶುರು ಮಾಡಿದ್ದೆ. ದಿನಕ್ಕೊಂದು ಫೋಟೋ, ವರ್ಷಕ್ಕೆ 365. ಎಲ್ಲವೂ ದಾವಣಗೆರೆಯಲ್ಲೇ ತೆಗೆದದ್ದಾಗಿರಬೇಕು ಅಂತ ನನಗೆ ನಾನೇ ಹಾಕಿಕೊಂಡ ನಿಯಮ. ಮೊದಲ ವಾರದಲ್ಲೇ ಬೆಣ್ಣೆ ದೋಸೆ, ಗಾಜಿನ ಮನೆ, ಕುಂದವಾಡ ಕೆರೆಯ ಸೂರ್ಯೋದಯ ಎಲ್ಲಾ ಮುಗಿದವು. ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲಾ ತೆಗೆಯುತ್ತಾ ಹೋದೆ. ಇವತ್ತು ಕಪ್ಪು-ಬಿಳುಪು, ನಾಳೆ ಬಣ್ಣ. ಒಂದು ದಿನ ಹೂವಿನ ಮೇಲಿನ ನೀರಹನಿ, ಇನ್ನೊಂದು ದಿನ ಹಳೇ ಹತ್ತಿ ಮಿಲ್ಲಿನ ಗೋಡೆ. ಎಡಿಟ್ ಮಾಡುವಾಗಲೂ ಹಾಗೇ, ದಿನಕ್ಕೊಂದು ಫಿಲ್ಟರ್.

ಜೂನ್ ಕೊನೆಗೆ ಅರವತ್ತು ಫೋಟೋ ಆರಿಸಿ ಪ್ರಿಂಟ್ ಹಾಕಿಸಿದೆ. ಪೋಸ್ಟ್ ಕಾರ್ಡಿನಷ್ಟು ಅಳತೆ. ನಡುಮನೆಯಲ್ಲಿ ಚಾಪೆ ಹಾಸಿ ಸಾಲಾಗಿ ಜೋಡಿಸಿದೆ. ಒಂದೊಂದಾಗಿ ನೋಡಿದರೆ ಚೆನ್ನಾಗೇ ಇದ್ದವು. ಒಟ್ಟಿಗೆ ನೋಡಿದಾಗ ಮಾತ್ರ ಸಂತೆಯಲ್ಲಿ ಸೇರಿದ ಜನರಂತೆ ಕಂಡವು. ಒಬ್ಬರಿಗೊಬ್ಬರು ಸಂಬಂಧವೇ ಇಲ್ಲ. ಆರು ತಿಂಗಳು ಒಂದು ದಿನವೂ ತಪ್ಪಿಸದೆ ಮಾಡಿದ ಕೆಲಸ ಇದು. ಆ ರಾತ್ರಿ ಊಟ ಸೇರಲಿಲ್ಲ.

ಮೈಸೂರಿನ ಫೋಟೋಗ್ರಾಫರ್ ಟಿ. ಎಸ್. ಸತ್ಯನ್ ಅವರು ತೆಗೆದ ಫೋಟೋಗಳೆಂದರೆ ನನಗೆ ಮೊದಲಿನಿಂದಲೂ ಪ್ರಾಣ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡವರು. ದೇಶವೆಲ್ಲಾ ಸುತ್ತಿದರು. ಮಕ್ಕಳು, ಕೂಲಿಯವರು, ಹಳ್ಳಿಯ ಜನ, ಯಾರನ್ನು ತೆಗೆದರೂ ನೋಡುವ ಕಣ್ಣು ಮಾತ್ರ ಒಂದೇ ಅಂತ ಗೊತ್ತಾಗುತ್ತದೆ. ಅವರದೇ ಅಂತ ಒಂದು ಬಣ್ಣವಾಗಲಿ ಫಿಲ್ಟರಾಗಲಿ ಇರಲಿಲ್ಲವಲ್ಲ, ಹಾಗಾದರೆ ಆ ಒಂದೇತನ ಎಲ್ಲಿಂದ ಬಂತು? ಇದೇ ನನ್ನ ತಲೆ ತಿನ್ನುತ್ತಿತ್ತು.

ಜುಲೈ 9. ನನ್ನ ಲೆಕ್ಕದಲ್ಲಿ 190ನೇ ದಿನ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಮಂಡಕ್ಕಿ ಭಟ್ಟಿಗಳ ಕಡೆ ಹೋದೆ. ಹೊಗೆ ಹಿಡಿದು ಕಪ್ಪಾದ ಗೋಡೆ, ತಗಡಿನ ಚಾವಣಿ. ರಸ್ತೆಯಲ್ಲೇ ನಿಂತು ಆ ಶೆಡ್ಡಿನ ಮುಂಭಾಗ ತೆಗೆಯಲು ನೋಡುತ್ತಿದ್ದೆ. ಒಳಗಿಂದ ಒಬ್ಬರು ಹೆಣ್ಣುಮಗಳು ಕೂಗಿದರು.

"ಮಳೇಲಿ ಯಾಕ್ ನಿಂತೀರಿ ಅಣ್ಣ? ಕ್ಯಾಮೆರಾ ನೆನಿತೈತಿ, ಒಳಗ್ ಬರ್ರಿ."

ಒಳಗೆ ಹೋದೆ. ಮೊದಲಿಗೆ ಏನೂ ಕಾಣಲಿಲ್ಲ. ಬೆಂಕಿಯ ಝಳ ಮುಖಕ್ಕೆ ಹೊಡೆಯಿತು. ನಿಧಾನವಾಗಿ ಕಣ್ಣು ಹೊಂದಿಕೊಂಡಿತು. ದೊಡ್ಡ ಬಾಣಲೆಯಲ್ಲಿ ಮರಳು ಕಾಯುತ್ತಿತ್ತು. ಉಪ್ಪು ಹಿಡಿಸಿದ ಅಕ್ಕಿಯನ್ನು ಒಬ್ಬರು ಅದಕ್ಕೆ ಸುರಿದರು. ಸುರಿದದ್ದೇ ತಡ, ಚಟಪಟ ಸದ್ದು, ಕಂದು ಮರಳಿನೊಳಗಿಂದ ಬೆಳ್ಳಗೆ ಮಂಡಕ್ಕಿ ಉಕ್ಕಿ ಬಂತು. ಎಲ್ಲಾ ಕೆಲವೇ ಕ್ಷಣದ ಕೆಲಸ. ತಡ ಮಾಡಿದರೆ ಕೆಂಪಗಾಗುತ್ತದಂತೆ. ಆ ಅಕ್ಕ ಅದನ್ನು ಜರಡಿಗೆ ಹಾಕಿ ಆಡಿಸಿದರು. ಮರಳು ಕೆಳಗಿಳಿಯಿತು, ಮಂಡಕ್ಕಿ ಮೇಲುಳಿಯಿತು. ಒಂದು ಹಿಡಿ ನನ್ನ ಕೈಗೆ ಹಾಕಿದರು. ಬಿಸಿ ಬಿಸಿ, ತೂಕವೇ ಇಲ್ಲ.

ತಿನ್ನುತ್ತಾ ಹಿಂದಕ್ಕೆ ತಿರುಗಿದೆ. ಬಾಗಿಲು ಕಾಣಿಸಿತು. ಹೊರಗೆ ಮಳೆಯ ಬೆಳಕು, ಒಳಗೆ ಕತ್ತಲೆ. ಚೀಲ ಹೊರಲು ಬಂದ ಹುಡುಗ ಹೊಸ್ತಿಲ ಮೇಲೆ ನಿಂತಿದ್ದ. ಅವನ ಒಂದು ಕೆನ್ನೆಗೆ ಬೆಳಕು, ಇನ್ನೊಂದು ಕೆನ್ನೆ ಕತ್ತಲೆಯಲ್ಲಿ. ಗಾಳಿಯಲ್ಲಿ ತೇಲುವ ಹೊಟ್ಟಿನ ಧೂಳು ಬಾಗಿಲಿನಷ್ಟೇ ಅಗಲಕ್ಕೆ ಹೊಳೆಯುತ್ತಿತ್ತು.

ಇಂಥ ಕಡೆ ಬೆಳಕಿನ ಲೆಕ್ಕವನ್ನು ಕ್ಯಾಮೆರಾದ ಆಟೋ ಮೋಡ್‌ಗೆ ಬಿಟ್ಟರೆ ಕೆಲಸ ಕೆಡುತ್ತದೆ. ಅದು ಕತ್ತಲೆ, ಬೆಳಕು ಎರಡನ್ನೂ ಸೇರಿಸಿ ಸರಾಸರಿ ಹಾಕಲು ನೋಡುತ್ತದೆ. ಕತ್ತಲೆ ಜಾಸ್ತಿ ಇದ್ದರೆ ಎಲ್ಲವನ್ನೂ ಬೆಳ್ಳಗೆ ಮಾಡಿ, ಹೊರಗಿನ ರಸ್ತೆ ಪೂರ್ತಿ ಸುಣ್ಣ ಬಳಿದಂತೆ ಕಾಣುತ್ತದೆ. ಹಾಗಾಗಿ ಹುಡುಗನ ಬೆಳಕಿರುವ ಕೆನ್ನೆಗೆ ಬೆಳಕಿನ ಅಳತೆ ಹಿಡಿದೆ. ಉಳಿದದ್ದು ಕಪ್ಪಾದರೆ ಆಗಲಿ ಅಂತ ಬಿಟ್ಟೆ. ಮೂರೇ ಮೂರು ಸಲ ಒತ್ತಿದೆ.

ಸಂಜೆ ಲ್ಯಾಪ್‌ಟಾಪಿನಲ್ಲಿ ಅದನ್ನು ನೋಡುತ್ತಿದ್ದಾಗ ಅಪ್ಪಾಜಿ ಬಂದು ಹಿಂದೆ ನಿಂತರು. ಸ್ವಲ್ಪ ಹೊತ್ತು ನೋಡಿದರು.

"ಇದು ಅಂಗಡೀಲಿ ಕೂತು ನೋಡ್ದಂಗೈತಲ್ಲೋ."

ಅಷ್ಟೇ ಹೇಳಿ ಚಹಾ ಕುಡಿಯಲು ಹೋದರು. ನಾನು ಕೂತಲ್ಲೇ ಕೂತೆ.

ಹಳೇ ಪೇಟೆಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ ಇತ್ತು. ಕಿರಿದು, ಉದ್ದ, ಕಿಟಕಿ ಇಲ್ಲ. ಸ್ಕೂಲು ಬಿಟ್ಟ ಮೇಲೆ ದಿನಾ ತಕ್ಕಡಿ ಹಿಂದೆ ಕೂರುತ್ತಿದ್ದೆ. ಅಲ್ಲಿಂದ ಜಗತ್ತು ಅಂದರೆ ಬಾಗಿಲಿನಷ್ಟು ಬೀದಿ. ಗಿರಾಕಿ ಮೆಟ್ಟಿಲು ಹತ್ತಿದ ತಕ್ಷಣ ಮುಖದ ಅರ್ಧಕ್ಕೆ ನೆರಳು ಬೀಳುತ್ತಿತ್ತು. ಬೇಳೆ ಕೇಳುವ ಅಜ್ಜಿ, ಬೀಡಿ ಕೇಳುವ ಹಮಾಲರು, ಪೆಪ್ಪರಮೆಂಟಿಗೆ ಬಂದ ಹುಡುಗರು, ಎಲ್ಲರನ್ನೂ ಹಾಗೇ ನೋಡಿ ಬೆಳೆದೆ.

ಆ ರಾತ್ರಿ ಹಾರ್ಡ್ ಡಿಸ್ಕ್ ತೆಗೆದೆ. ಆರಿಸದೆ ಬಿಟ್ಟಿದ್ದ ಫೋಟೋಗಳನ್ನೆಲ್ಲಾ ಜನವರಿಯಿಂದ ನೋಡುತ್ತಾ ಬಂದೆ. ಸಲೂನಿನ ಕುರ್ಚಿಯಿಂದ ತೆಗೆದ ಬೀದಿ. ಆಟೋದ ಹಿಂದಿನ ಸೀಟಿನಿಂದ ತೆಗೆದ ಡ್ರೈವರ್ ಅಣ್ಣನ ಭುಜ, ಅದರಾಚೆ ಟ್ರಾಫಿಕ್. ದರ್ಜಿ ಅಂಗಡಿ. ಗುಡಿಯ ಕಂಬದ ಪಕ್ಕ ಹೂ ಕಟ್ಟುವವರು. ಮಂಡಕ್ಕಿ-ಮೆಣಸಿನಕಾಯಿ ಗಾಡಿಯ ಟಾರ್ಪಾಲಿನ ಕೆಳಗೆ ನಿಂತು ತೆಗೆದದ್ದು. ಎಣಿಸಿದೆ, ಇಪ್ಪತ್ತೇಳು. ಎಲ್ಲದರಲ್ಲೂ ನಾನು ನೆರಳಿನಲ್ಲಿದ್ದೆ, ಬೆಳಕು ಆಚೆ ಇತ್ತು. 'ಕತ್ತಲೆ ಜಾಸ್ತಿ ಆಯಿತು' ಅಂತ ಅವನ್ನೆಲ್ಲಾ ಪಕ್ಕಕ್ಕಿಟ್ಟಿದ್ದೆ. ನನಗೆ ಬೇಕಾದದ್ದನ್ನು ನಾನೇ ಆರು ತಿಂಗಳು ಎಸೆಯುತ್ತಾ ಬಂದಿದ್ದೆನಲ್ಲಾ ಅಂತ ನಿಜಕ್ಕೂ ಸಂಕಟವಾಯಿತು. ಜೊತೆಗೆ ಹೇಳಲಾರದಷ್ಟು ಸಂತೋಷ.

ಮಾರನೇ ದಿನದಿಂದ ಫಿಲ್ಟರ್ ಬಿಟ್ಟೆ. ಜೂಮ್ ಲೆನ್ಸ್ ಬೀರುವಿಗೆ ಹೋಯಿತು. ವೈಟ್ ಬ್ಯಾಲೆನ್ಸನ್ನು, ಅಂದರೆ ಬೆಳಕಿಗೆ ತಕ್ಕಂತೆ ಬಣ್ಣ ಹೊಂದಿಸುವ ಸೆಟ್ಟಿಂಗನ್ನು, ಹಗಲು ಬೆಳಕಿಗೆ ಗಟ್ಟಿ ಮಾಡಿಟ್ಟೆ. ಇದೊಂದು ಸಣ್ಣ ವಿಷಯ ಅನಿಸಬಹುದು, ಆದರೆ ತುಂಬಾ ದೊಡ್ಡದು. ಆಟೋ ಮೋಡ್‌ನಲ್ಲಿದ್ದರೆ ಕ್ಯಾಮೆರಾ ಪ್ರತಿ ಸಲ ಬಣ್ಣ ತಿದ್ದುತ್ತದೆ, ಅದೇ ಗೋಡೆ ಇವತ್ತು ಹಳದಿ, ನಾಳೆ ನೀಲಿ. ಗಟ್ಟಿ ಮಾಡಿದರೆ ಬಲ್ಬು ಬಲ್ಬಿನಂತೆ, ಮಳೆಯ ನೆರಳು ಮಳೆಯ ನೆರಳಿನಂತೆ ಉಳಿಯುತ್ತದೆ. ಹತ್ತು ದಿನದ ಫೋಟೋ ಪಕ್ಕಪಕ್ಕ ಇಟ್ಟಾಗ ಒಂದೇ ಮನೆಯ ಮಕ್ಕಳಂತೆ ಕಂಡವು.

ಹಾಗಂತ ದಿನಾ ಬಾಗಿಲು ಹುಡುಕುತ್ತಾ ಹೋಗಲಿಲ್ಲ. ಒಂದು ವಾರ ಹಾಗೆ ಮಾಡಿ ನೋಡಿದೆ, ಫೋಟೋಗಳು ಸತ್ತಂತಿದ್ದವು. ಬಾಗಿಲು ಮುಖ್ಯವಾಗಿರಲಿಲ್ಲ, ಕೂತು ಕಾಯುವುದು ಮುಖ್ಯವಾಗಿತ್ತು. ಅಂಗಡಿಯಲ್ಲಿ ಮಾಡುತ್ತಿದ್ದುದು ಅದನ್ನೇ ಅಲ್ವಾ? ಈಗ ಎಲ್ಲಿ ಹೋದರೂ ಮೊದಲು ಒಂದು ನೆರಳು ನೋಡಿ ಕೂರುತ್ತೇನೆ. ಅರ್ಧ ಗಂಟೆಗೆ ಮುಂಚೆ ಕ್ಯಾಮೆರಾ ಎತ್ತುವುದಿಲ್ಲ.

ಆಗಸ್ಟಿನಲ್ಲಿ ಒಂದು ದಿನ ನಮ್ಮ ಹಳೇ ಅಂಗಡಿಗೇ ಹೋದೆ. ಈಗ ಅಲ್ಲಿ ಮೊಬೈಲ್ ರಿಪೇರಿ ನಡೆಯುತ್ತದೆ. "ಸುಮ್ನೆ ಸ್ವಲ್ಪ ಹೊತ್ತು ಒಳಗೆ ಕೂರಲಾ?" ಅಂತ ಕೇಳಿದೆ. ಆ ಹುಡುಗ ಸ್ಟೂಲು ಸರಿಸಿಕೊಟ್ಟ. ತಕ್ಕಡಿ ಇದ್ದ ಜಾಗದಲ್ಲಿ ಗಾಜಿನ ಕೌಂಟರ್. ಮೆಟ್ಟಿಲು ಮಾತ್ರ ಅದೇ, ನಡುವೆ ಸವೆದ ಕಲ್ಲು. ಇಪ್ಪತ್ತು ನಿಮಿಷ ಯಾರೂ ಬರಲಿಲ್ಲ. ಆಮೇಲೆ ಒಬ್ಬರು ಅಜ್ಜಿ ಸೆರಗಿನಲ್ಲಿ ಫೋನು ಸುತ್ತಿಕೊಂಡು ಮೆಟ್ಟಿಲು ಹತ್ತಿದರು. ಗೋಡೆ ಹಿಡಿದು ನಿಂತು ಒಳಗೆ ಇಣುಕಿದರು. ಮುಖದ ಅರ್ಧಕ್ಕೆ ನೆರಳು ಬಿತ್ತು.

"ಯಾರ್ ಅದು ಒಳಗೆ, ಕಾಣ್ತಿಲ್ಲ" ಅಂದರು.