ಅವ್ವನ ಜೊತೆ ಚಿತ್ರಸಂತೆಗೆ

“ಸಂತೆ ಅಂತೀಯಲ್ಲ, ಎಂತ ಎಲ್ಲ ಸಿಗ್ತದೆ ಅಲ್ಲಿ?”

ಅವ್ವ ಕೇಳಿದ್ದು ಸಾಗರದ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು. ತಾಳಗುಪ್ಪದಿಂದ ಹೊರಡುವ ರಾತ್ರಿ ರೈಲಿಗೆ ಇನ್ನೂ ಹೊತ್ತಿತ್ತು. “ಚಿತ್ರ ಸಿಗುತ್ತೆ” ಎಂದೆ. “ಬರೀ ಚಿತ್ರವಾ?” ಎಂದು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಬರೆದವರೂ ಇರ್ತಾರಾ?” ಎಂದು ಕೇಳಿದಳು.

ಇರುತ್ತಾರೆ. ಚಿತ್ರಸಂತೆಯ ಹೆಚ್ಚುಗಾರಿಕೆಯೇ ಅದು. ಜನವರಿಯ ಒಂದು ಭಾನುವಾರ ಬೆಂಗಳೂರಿನ ಕುಮಾರಕೃಪಾ ರಸ್ತೆಗೆ ವಾಹನ ಬಿಡುವುದಿಲ್ಲ. ಕಲಾವಿದರು ಬಂದು ರಸ್ತೆಯ ಎರಡೂ ಬದಿ ಚಿತ್ರ ಹರಡಿಕೊಂಡು ಕೂರುತ್ತಾರೆ. ಕರ್ನಾಟಕ ಚಿತ್ರಕಲಾ ಪರಿಷತ್ತು 2003ರಲ್ಲಿ ಇದನ್ನು ಶುರು ಮಾಡಿತು. ನಾವು ಹೋದದ್ದು 2025ರ ಜನವರಿ 5ರ ಸಂತೆಗೆ. ಅದು 22ನೆಯದು, ಹೆಣ್ಣುಮಗುವಿಗೆ ಅರ್ಪಿಸಿದ ಸಂತೆ. ನಾನು ಮೊದಲೂ ಎರಡು ಸಲ ಹೋಗಿದ್ದೆ. ಅವ್ವನನ್ನು ಕರೆದುಕೊಂಡು ಹೋಗಬೇಕು ಅಂತ ಅನ್ನಿಸಲು ಒಂದು ಕಾರಣವಿತ್ತು. ಅದನ್ನು ಮುಂದೆ ಹೇಳುತ್ತೇನೆ.

ಶುಕ್ರವಾರ ರಾತ್ರಿ ಹತ್ತಿದರೆ ಶನಿವಾರ ಬೆಳಗಿನ ಜಾವ ಬೆಂಗಳೂರು. ಒಂದು ದಿನ ಮುಂಚೆ ಹೋಗುವುದು ಒಳ್ಳೆಯದು. ಸಂತೆಯ ದಿನ ಬೇರೇನೂ ನೋಡಲು ಆಗುವುದಿಲ್ಲ. ಸೋಮವಾರ ನೋಡೋಣ ಅಂದರೆ ಮ್ಯೂಸಿಯಂಗಳಿಗೆ ರಜೆ. ಮಲ್ಲೇಶ್ವರದ ಚಿಕ್ಕಮ್ಮನ ಮನೆಯಲ್ಲಿ ಸ್ನಾನ, ತಿಂಡಿ ಮುಗಿಸಿ, ಅವ್ವನನ್ನು ಆಟೋದಲ್ಲಿ ಕೂರಿಸಿಕೊಂಡು ಅರಮನೆ ರಸ್ತೆಯ ಮಾಣಿಕ್ಯವೇಲು ಮಹಲಿಗೆ ಹೋದೆ. ಹಳೇ ಬಂಗಲೆ. 2009ರಿಂದ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಒಳಗೆ ಹೋಗುವ ಮುಂಚೆ ಅವ್ವ ಅಂಗಳದ ಮರಗಳನ್ನೇ ನೋಡುತ್ತಾ ನಿಂತಳು. ಎಷ್ಟೆಷ್ಟು ವರ್ಷದ ಮರಗಳೋ! ಅವನ್ನು ಉಳಿಸಿಕೊಂಡೇ ಗ್ಯಾಲರಿ ಮಾಡಿದ್ದಾರೆ.

ಒಳಗೆ ಅವ್ವ ಬಹಳ ಚಿತ್ರಗಳನ್ನು ಬೇಗ ಬೇಗ ದಾಟಿ ಹೋದಳು. ನಾನು ಏನೂ ವಿವರಿಸಲು ಹೋಗಲಿಲ್ಲ. ಚಿತ್ರ ನೋಡುವವರ ಕಿವಿಯಲ್ಲಿ ಮಾತು ತುಂಬಬಾರದು ಅಂತ ನನ್ನ ನಂಬಿಕೆ. ಜಾಮಿನಿ ರಾಯ್ ಅವರ ಒಂದು ಚಿತ್ರದ ಮುಂದೆ ಮಾತ್ರ ತಾನಾಗಿ ನಿಂತಳು. ದಪ್ಪ ಗೆರೆ, ಬಾದಾಮಿಯಂಥ ಉದ್ದ ಕಣ್ಣು, ಇಟ್ಟಿಗೆ ಕೆಂಪು, ಹಳದಿ, ಬಿಳಿ.

“ಇದು ಮಣ್ಣಿನ ಬಣ್ಣ” ಎಂದಳು.

ನಿಜವೇ. ಜಾಮಿನಿ ರಾಯ್ ಕಲ್ಕತ್ತದ ಕಲಾಶಾಲೆಯಲ್ಲಿ ಯುರೋಪಿನ ಶೈಲಿ ಕಲಿತವರು. ತೈಲವರ್ಣದಲ್ಲಿ ಭಾವಚಿತ್ರ ಬರೆದು ಹೆಸರು ಮಾಡಿದ್ದರು. 1920ರ ದಶಕದಲ್ಲಿ ಅದನ್ನೆಲ್ಲ ಬಿಟ್ಟು ಬಂಗಾಳದ ಹಳ್ಳಿಯವರು ಸುರುಳಿಯ ಮೇಲೆ ಕಥೆ ಬರೆಯುವ ಪಟಚಿತ್ರದ ಕಡೆ ತಿರುಗಿದರು. ಬಣ್ಣವನ್ನೂ ಮಣ್ಣು, ಖನಿಜ, ದೀಪದ ಕಾಡಿಗೆಯಿಂದ ಮಾಡಿಕೊಳ್ಳತೊಡಗಿದರು. ಅವ್ವನಿಗೆ ಇದನ್ನು ಹೇಳಿದಾಗ, “ಮತ್ತೆ ಮೊದಲೇ ಹಳ್ಳಿಯವರ ಹತ್ರ ಕಲೀಬಹುದಿತ್ತು” ಎಂದಳು.

ಮಧ್ಯಾಹ್ನದ ಮೇಲೆ ಚಿತ್ರಕಲಾ ಪರಿಷತ್ತಿಗೆ. 1960ರಲ್ಲಿ ಶುರುವಾದ ಸಂಸ್ಥೆ ಇದು, ಎಂ.ಎಸ್. ನಂಜುಂಡರಾವ್ ಅವರು ಕಟ್ಟಿ ಬೆಳೆಸಿದ್ದು. ಸಂತೆಗೆ ಬರುವ ಬಹಳ ಜನ ಒಳಗಿನ ಸಂಗ್ರಹ ನೋಡದೇ ಹೋಗುತ್ತಾರೆ. ಅದು ನನಗೆ ಬೇಜಾರಿನ ವಿಷಯ. ರೋರಿಕ್ ಅವರ ಚಿತ್ರಗಳಿಗೇ ಅಲ್ಲಿ ಬೇರೆ ಗ್ಯಾಲರಿ ಇದೆ. ತಂದೆ ನಿಕೊಲಸ್ ರೋರಿಕ್ ರಷ್ಯಾದಿಂದ ಬಂದು ಕುಲು ಕಣಿವೆಯಲ್ಲಿ ನೆಲೆಸಿ ಹಿಮಾಲಯವನ್ನೇ ಬರೆದವರು. ಮಗ ಸ್ವೆತೊಸ್ಲಾವ್, ನಟಿ ದೇವಿಕಾ ರಾಣಿಯವರನ್ನು ಮದುವೆಯಾಗಿ ಕನಕಪುರ ರಸ್ತೆಯ ತಾತಗುಣಿ ಎಸ್ಟೇಟಿನಲ್ಲಿ ಬದುಕಿದವರು. ಪರ್ವತಗಳ ಆ ನೀಲಿಯನ್ನು ಒಂದು ಸಲ ಹತ್ತಿರದಿಂದ ನೋಡಬೇಕು. ಫೋಟೋದಲ್ಲಿ ಅದು ಬರುವುದಿಲ್ಲ.

ತೊಗಲುಗೊಂಬೆಗಳನ್ನೂ ನಂಜುಂಡರಾವ್ ಹಳ್ಳಿ ಹಳ್ಳಿ ತಿರುಗಿ ಕೂಡಿಹಾಕಿದ್ದರು. ಚರ್ಮವನ್ನು ಬೆಳಕು ದಾಟುವಷ್ಟು ತೆಳ್ಳಗೆ ಹದ ಮಾಡಿ, ಬಣ್ಣ ಹಾಕಿ, ಒಡವೆ ಇರುವ ಕಡೆ ಸಣ್ಣ ಸಣ್ಣ ತೂತು ಕೊರೆದಿರುತ್ತಾರೆ. ಹಿಂದಿನಿಂದ ದೀಪ ಹಿಡಿದರೆ ಆ ತೂತುಗಳೇ ಒಡವೆಯ ಹೊಳಪು. ಅವ್ವ ಚಿಕ್ಕವಳಿದ್ದಾಗ ಊರಿಗೆ ಗೊಂಬೆಯಾಟದವರು ಬರುತ್ತಿದ್ದರಂತೆ. ಬೆಳಗಿನವರೆಗೆ ಆಟ ನೋಡಿದ್ದು ನೆನಪಿದೆ, ಗೊಂಬೆಯನ್ನು ಇಷ್ಟು ಹತ್ತಿರ ನೋಡಿದ್ದು ಇದೇ ಮೊದಲು ಎಂದಳು.

ಹೊರಗೆ ಬಂದಾಗ ಸಂಜೆಯಾಗಿತ್ತು. ಫುಟ್‌ಪಾತಿನ ಉದ್ದಕ್ಕೂ ಮಳಿಗೆಗಳ ನಂಬರ್ ಬರೆದಿದ್ದರು. ನಾಳೆ ಇಲ್ಲಿ ಕಾಲಿಡಲು ಜಾಗ ಇರುವುದಿಲ್ಲ ಎಂದೆ. ಅವ್ವ ನಂಬಲಿಲ್ಲ.

ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಶಿವಾನಂದ ವೃತ್ತದಲ್ಲಿ ಆಟೋ ಇಳಿದೆವು. ಚಳಿ ಇನ್ನೂ ಬಿಟ್ಟಿರಲಿಲ್ಲ. ಅಷ್ಟು ಹೊತ್ತಿಗೆ ಹೋದರೆ ಕಲಾವಿದರ ಜೊತೆ ಮಾತಾಡಬಹುದು. ಹನ್ನೊಂದರ ಮೇಲೆ ಜನ ನಿಮ್ಮನ್ನು ತಳ್ಳಿಕೊಂಡೇ ಮುಂದೆ ಕರೆದೊಯ್ಯುತ್ತಾರೆ. ಇದನ್ನು ಮೊದಲ ಸಲ ಹೋಗುವವರು ಗಮನದಲ್ಲಿಟ್ಟುಕೊಳ್ಳಿ. ಸಾವಿರಕ್ಕೂ ಹೆಚ್ಚು ಕಲಾವಿದರು, ಬೇರೆ ಬೇರೆ ರಾಜ್ಯಗಳವರು. ಒಂದು ಕಡೆ ಬುದ್ಧ, ಪಕ್ಕದಲ್ಲೇ ಮಳೆಯಲ್ಲಿ ನೆಂದ ಬೆಂಗಳೂರಿನ ಬೀದಿ, ಆಚೆಗೆ ರಾಜಸ್ಥಾನದ ಒಂಟೆ, ಮಧುಬನಿ, ವಾರ್ಲಿ. ಬುದ್ಧ ಮತ್ತು ಕುದುರೆ ಸ್ವಲ್ಪ ಜಾಸ್ತಿಯೇ ಇದ್ದವು. ಅವು ಬೇಗ ಮಾರಾಟವಾಗುತ್ತವೆ ಅಂತ ಒಬ್ಬರು ಹೇಳಿದರು. ಅದರಲ್ಲಿ ತಪ್ಪೇನೂ ಇಲ್ಲ, ಹೊಟ್ಟೆಪಾಡು ನಡೆಯಬೇಕಲ್ಲ.

ಮೈಸೂರು ಶೈಲಿಯ ಚಿತ್ರ ಬರೆಯುವ ಹಿರಿಯರೊಬ್ಬರ ಹತ್ತಿರ ನಾವು ಅರ್ಧ ಗಂಟೆ ಕೂತೆವು. ಅವರು ಗಜಲಕ್ಷ್ಮಿಯ ಕಿರೀಟಕ್ಕೆ ಮಕ್ಕು ಏರಿಸುತ್ತಿದ್ದರು. ಸಫೇದದ ಪುಡಿ, ರೇವಲ್‌ಚಿನ್ನಿ ಹಾಲು, ಅಂಟು ಸೇರಿಸಿ ಕಲಸಿದ ಹಳದಿ ಬಣ್ಣದ ಪಾಕ ಅದು. ಸಣ್ಣ ಕುಂಚದ ತುದಿಯಲ್ಲಿ ತೆಗೆದು, ಗೆರೆಯ ಮೇಲೆ ಗೆರೆ ಇಡುತ್ತಾ ಹೋಗುತ್ತಾರೆ. ಒಣಗಿದ ಮೇಲೆ ಅದು ಕೂದಲೆಳೆಯಷ್ಟು ಉಬ್ಬುತ್ತದೆ. ಅದರ ಮೇಲೆ ಚಿನ್ನದ ರೇಕು. ತಂಜಾವೂರು ಚಿತ್ರದಲ್ಲಿ ಈ ಉಬ್ಬು ದಪ್ಪ, ಕಲ್ಲು ಹರಳೂ ಕೂರಿಸುತ್ತಾರೆ. ಮೈಸೂರಿನದು ಮುಟ್ಟಿದರೆ ಮಾತ್ರ ಗೊತ್ತಾಗುವಷ್ಟು ನಯ. ಹಿಂದಿನವರು ಮೊದಲ ಗೆರೆ ಹಾಕಲು ಹುಣಸೆ ಕಡ್ಡಿಯನ್ನು ಸುಟ್ಟು ಇದ್ದಿಲು ಮಾಡಿಕೊಳ್ಳುತ್ತಿದ್ದರು ಎಂದು ಅವರು ಹೇಳಿದಾಗ ಅವ್ವನ ಕಿವಿ ನೆಟ್ಟಗಾಯಿತು.

“ನಾವು ಅಕ್ಕಿ ಹುರಿದು ಕಪ್ಪು ಮಾಡ್ತಿದ್ವಿ” ಎಂದಳು.

ಅವರು ಕುಂಚ ಕೆಳಗಿಟ್ಟರು. “ನೀವೂ ಬರೀತೀರಾ ತಾಯಿ?”

“ಈಗ ಇಲ್ಲ. ಮದುವೆಗೆ ಮುಂಚೆ” ಎಂದು ಅವ್ವ ಎದ್ದುಬಿಟ್ಟಳು.

ನಾನು ಅವ್ವನನ್ನು ಕರೆತಂದ ಕಾರಣ ಇದೇ. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಬಂತೆಂದರೆ ಹಸೆಗೋಡೆಗೆ, ಅಂದರೆ ಮದುಮಕ್ಕಳು ಕೂರುವ ಕಡೆಯ ಗೋಡೆಗೆ, ಚಿತ್ತಾರ ಬರೆಯಬೇಕು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿ ಅರೆದ ಬಿಳಿ. ಹುರಿದು ಕಪ್ಪಾದ ಅಕ್ಕಿಯಿಂದ ಕಪ್ಪು. ಗುರಿಗೆ ಕಾಯಿಯಿಂದ ಹಳದಿ. ಕುಂಚ ಅಂದರೆ ಪುಂಡಿ ನಾರು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ. ಬರೆಯುವವರು ಹೆಂಗಸರು. ಅವ್ವನ ಕೈ ಊರಿನಲ್ಲಿ ಹೆಸರಾಗಿತ್ತಂತೆ, ಅಜ್ಜಿ ಹೇಳುತ್ತಿದ್ದಳು. ಆಮೇಲೆ ಮಣ್ಣಿನ ಗೋಡೆ ಹೋಗಿ ಸಿಮೆಂಟು ಬಂತು, ಪೇಂಟು ಬಂತು. ನನ್ನ ಮದುವೆಗೆ ನಾವು ಅಂಗಡಿಯಿಂದ ತಂದ ಬ್ಯಾನರ್ ಕಟ್ಟಿದೆವು. ಅವ್ವ ಏನೂ ಹೇಳಲಿಲ್ಲ. ನನಗೂ ಆಗ ಕೇಳಬೇಕು ಅಂತ ಹೊಳೆಯಲಿಲ್ಲ. ಹಿಂದಿನ ಸಲ ಇದೇ ರಸ್ತೆಯಲ್ಲಿ ಕೆಂಪು ಹಾಳೆಯ ಮೇಲೆ ಬಿಳಿ ಗೆರೆ ನೋಡಿದಾಗ ನನ್ನ ಎದೆ ಧಸಕ್ ಎಂದಿತ್ತು.

ಈ ಸಲವೂ ಇತ್ತು. ಗಾಂಧಿ ಭವನ ದಾಟಿ ಸ್ವಲ್ಪ ಮುಂದೆ, ಮರದ ಬುಡದಲ್ಲಿ. ಸೊರಬದ ಕಡೆಯ ಹುಡುಗ, ಮೂವತ್ತು ದಾಟಿರಲಿಕ್ಕಿಲ್ಲ. ಸೋದರತ್ತೆಯಿಂದ ಕಲಿತದ್ದಂತೆ. ಬಟ್ಟೆಯ ಮೇಲೆ, ಹಾಳೆಯ ಮೇಲೆ, ಬುಟ್ಟಿಯ ಮೇಲೆ ಎಲ್ಲ ಬರೆದಿದ್ದ. ಅವ್ವ ಸೀರೆ ಒತ್ತರಿಸಿಕೊಂಡು ಫುಟ್‌ಪಾತಿನ ಮೇಲೇ ಕೂತಳು. ಕನ್ನಡಕ ಹಾಕಿಕೊಂಡು ಒಂದು ಚಿತ್ರವನ್ನು ಮಡಿಲಿಗೆ ಎಳೆದುಕೊಂಡಳು. ಒಂದರೊಳಗೆ ಒಂದು ಚೌಕ. ಚೌಕದ ಅಂಚಿಗೆ ಜಡೆಯ ಹಾಗೆ ಹೆಣೆದ ಗೆರೆ. ನಡುವೆ ತ್ರಿಕೋನದ ಮೈಯ ಮದುಮಗ, ಮದುಮಗಳು. ಮೇಲೆ ದಂಡಿಗೆ, ಅಂದರೆ ಪಲ್ಲಕ್ಕಿ. ಕಣ್ಣು, ಮೂಗು ಏನೂ ಇಲ್ಲ, ಆದರೂ ಮದುಮಗಳು ಯಾರು ಅಂತ ತಿಳಿಯುತ್ತದೆ.

ಅವ್ವನ ಬೆರಳು ಮೇಲಿನ ಎಡ ಮೂಲೆಯಿಂದ ಹೊರಟಿತು. ಹಾಳೆ ಮುಟ್ಟದೆ, ಅದರ ಮೇಲೆ ಒಂದಿಷ್ಟೇ ಎತ್ತರದಲ್ಲಿ, ಗೆರೆಯ ಜೊತೆ ಜೊತೆಗೇ ಹೋಯಿತು. ಒಂದು ಕಡೆ ನಿಂತಿತು.

“ಇಲ್ಲಿ ಎಳೆ ತುಂಡಾಗಿದೆ.”

ಹುಡುಗ ಬಗ್ಗಿ ನೋಡಿದ. “ಹೌದು ಅಮ್ಮ. ಪುಂಡಿ ನಾರು ಒಣಗಿತ್ತು, ಬಿಟ್ಟು ಬಿಟ್ಟು ಬಂತು. ಯಾರೂ ಕಂಡುಹಿಡಿದಿರಲಿಲ್ಲ.”

“ನಾರು ನೆನೆ ಹಾಕ್ಕೊಂಡೇ ಕೂತ್ಕೋಬೇಕು. ಕೈಯೆತ್ತೋ ಮುಂಚೆ ಗೆರೆ ಮುಗೀಬೇಕು.”

ಆಮೇಲೆ ಇಬ್ಬರೂ ನನ್ನನ್ನು ಮರೆತರು. ಯಾವ ಊರು, ಯಾರ ಮನೆ, ಗುರಿಗೆ ಕಾಯಿ ಈಗ ಎಲ್ಲಿ ಸಿಗುತ್ತದೆ, ಅಕ್ಕಿ ಎಷ್ಟು ಹೊತ್ತು ನೆನೆಯಬೇಕು. ಅವನು ಒಂದು ಸಣ್ಣ ಡಬ್ಬಿಯಿಂದ ನಾರಿನ ಕುಂಚ ತೆಗೆದು ಅವ್ವನ ಕೈಗೆ ಕೊಟ್ಟ. ಅವಳು ಅದರ ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಒತ್ತಿ ನೋಡಿದಳು. ಬರೀರಿ ಅಂದ. “ಕೈ ನಡುಗ್ತದೆ” ಎಂದು ವಾಪಸ್ ಕೊಟ್ಟಳು.

ಅಷ್ಟರಲ್ಲಿ ಒಬ್ಬರು ಬಂದು ಅಂಗೈ ಅಗಲದ ಒಂದು ಚಿತ್ತಾರದ ಬೆಲೆ ಕೇಳಿದರು. ಸಾವಿರದ ಇನ್ನೂರು ಎಂದ. ಇಷ್ಟು ಚಿಕ್ಕದಕ್ಕಾ, ಬರೀ ಗೆರೆ ತಾನೇ ಎಂದರು ಅವರು. ಹುಡುಗ ಉತ್ತರ ಹುಡುಕುತ್ತಿದ್ದ. ಅವ್ವ ತಲೆಯೆತ್ತಿ, “ಅಷ್ಟಾದ್ರೂ ಕೊಡಬೇಕು. ಕಣ್ಣು ಹೋಗ್ತದೆ ಇದರಲ್ಲಿ” ಎಂದಳು. ಅವರು ಮತ್ತೆ ಚೌಕಾಸಿ ಮಾಡಲಿಲ್ಲ. ತೆಗೆದುಕೊಂಡೇ ಹೋದರು.

ಸಂತೆಯಲ್ಲಿ ಚೌಕಾಸಿ ಮಾಡುವವರಿಗೆ ನನ್ನದೊಂದು ಮನವಿ ಇದೆ. ಬೆಲೆ ಕೇಳುವ ಮುಂಚೆ, ಹೇಗೆ ಮಾಡಿದಿರಿ ಅಂತ ಕೇಳಿ. ಎಷ್ಟು ದಿನ ಹಿಡಿಯಿತು ಅಂತ ಕೇಳಿ. ಕಲಾವಿದರು ಖುಷಿಯಿಂದ ಹೇಳುತ್ತಾರೆ, ಅದಕ್ಕಾಗಿಯೇ ಕಾಯುತ್ತಿರುತ್ತಾರೆ. ಗ್ಯಾಲರಿಯ ಗೋಡೆಗೆ ಈ ಪ್ರಶ್ನೆ ಕೇಳಲು ಆಗುವುದಿಲ್ಲ ಅಲ್ವಾ? ಮನೆಗೊಂದು ಕಲಾಕೃತಿ ಇರಲಿ ಎಂಬುದು ಈ ಸಂತೆಯ ಆಶಯ. ನೂರು, ಇನ್ನೂರು ರೂಪಾಯಿಯ ಕಾರ್ಡಿನಿಂದ ಲಕ್ಷದವರೆಗೆ ಇರುತ್ತದೆ, ಯಾರೂ ಬರಿಗೈಲಿ ಬರಬೇಕಾಗಿಲ್ಲ. ಹೆಚ್ಚಿನವರ ಹತ್ತಿರ ಸ್ಕ್ಯಾನ್ ಮಾಡಿ ದುಡ್ಡು ಕಳಿಸಬಹುದು, ಆದರೆ ಅಷ್ಟು ಜನ ಸೇರಿದಾಗ ನೆಟ್‌ವರ್ಕ್ ಕೈಕೊಡುತ್ತದೆ. ನನಗೂ ಕೈಕೊಟ್ಟಿತು. ನೋಟು ಇಟ್ಟುಕೊಂಡಿರಿ. ಚಿತ್ರ ಸುತ್ತಿಡಲು ಒಂದು ಉದ್ದನೆಯ ಕೊಳವೆ ಒಯ್ದರೆ ಮಡಿಕೆ ಬೀಳುವುದಿಲ್ಲ.

ಮಧ್ಯಾಹ್ನದ ಹೊತ್ತಿಗೆ ಅವ್ವನ ಮಂಡಿ ಸೋತಿತು. ನಿಂತ ನಿಂತಲ್ಲೇ ಹತ್ತು ನಿಮಿಷಕ್ಕೆ ಮುಖ ಬರೆದುಕೊಡುವ ಹುಡುಗರ ಸಾಲು, ಶಿಲ್ಪಗಳು, ಕಾಲೇಜು ಮಕ್ಕಳ ಗಲಾಟೆ, ಇದನ್ನೆಲ್ಲ ದೂರದಿಂದ ನೋಡಿ ಹೊರಟೆವು. ಕಸ್ತೂರಬಾ ರಸ್ತೆಯ ಮ್ಯಾಪ್, ಅಂದರೆ ಕಲೆ ಮತ್ತು ಛಾಯಾಚಿತ್ರಗಳ ಮ್ಯೂಸಿಯಂ, ತೋರಿಸುವ ಆಸೆ ಉಳಿದೇಹೋಯಿತು. 2023ರಲ್ಲಿ ಬಾಗಿಲು ತೆರೆದ ಅದರ ಕಟ್ಟಡ ಹೊರಗಿನಿಂದ ದೊಡ್ಡ ಸ್ಟೀಲ್ ನೀರಿನ ಟ್ಯಾಂಕಿನಂತೆ ಕಾಣುತ್ತದೆ. ಇನ್ನೂ ಹತ್ತಿಪ್ಪತ್ತು ದಿನ ಉಳಿಯುವವರಿಗೆ ಜನವರಿಯ ಬೆಂಗಳೂರಿನಲ್ಲಿ ಬೇಕಾದಷ್ಟಿದೆ. ಗಣರಾಜ್ಯೋತ್ಸವದ ಹೊತ್ತಿಗೆ ಲಾಲ್‌ಬಾಗಿನ ಗಾಜಿನಮನೆಯಲ್ಲಿ ಫಲಪುಷ್ಪ ಪ್ರದರ್ಶನ. ಆ ವರ್ಷ ಹೂವಿನಲ್ಲಿ ವಾಲ್ಮೀಕಿ ಮಹರ್ಷಿಯ ಕಥೆ. ಜೆ.ಪಿ. ನಗರದ ರಂಗಶಂಕರಕ್ಕೆ ಹೋದರೆ ಸೋಮವಾರ ಬಿಟ್ಟು ಉಳಿದ ದಿನ ಒಂದಲ್ಲ ಒಂದು ನಾಟಕ ಸಿಗುತ್ತದೆ. ನಮಗೆ ಅವತ್ತೇ ರಾತ್ರಿ ರೈಲಿತ್ತು.

ಆ ತುಂಡಾದ ಎಳೆಯ ಚಿತ್ತಾರವನ್ನೇ ಅವ್ವ ಕೊಂಡಿದ್ದಳು. ಚೆನ್ನಾಗಿರುವುದನ್ನು ಆರಿಸಿಕೊಳ್ಳಿ ಅಂತ ಹುಡುಗ ಎಷ್ಟು ಹೇಳಿದರೂ ಕೇಳಲಿಲ್ಲ. ತುಮಕೂರು ದಾಟಿರಬಹುದು, ಬೋಗಿಯ ದೀಪ ಆರಿಸಿದ್ದರು. ಅವಳು ಮಲಗಿದ್ದಾಳೆ ಅಂದುಕೊಂಡಿದ್ದೆ. ಕೆಳಗಿನ ಬರ್ತಿನಿಂದ ದನಿ ಬಂತು.

“ಮಗಾ, ಹಿಂದಿನ ಕೋಣೆ ಗೋಡೆ ಪೇಂಟ್ ಕೆರೆದ್ರೆ ಕೆಮ್ಮಣ್ಣು ಹಿಡೀತದಾ?”

“ನೋಡೋಣ ಅವ್ವಾ. ಮಣ್ಣು ಎಲ್ಲಿಂದ ತರೋದು?”

“ಕೆರೆ ಏರಿ ಕೆಳಗೆ, ನಾವು ತೆಗೀತಿದ್ದ ಜಾಗ ಹಾಗೇ ಇದೆ” ಎಂದಳು. “ಮಳೆಗಾಲದ ಒಳಗೆ ತರಬೇಕು.”