ನಾರಾಯಣಪುರದ ಹಿನ್ನೀರಿಗೆ ಗಾಳ ಹಿಡಿದು ಹೊರಡುವವರಿಗೆ

ಕಲಬುರಗಿಯಲ್ಲಿ ಗಾಳ ಹಾಕುವ ಹವ್ಯಾಸವಿರುವ ಕಿರಿಯ ಗೆಳೆಯರು ಹೊರದೇಶದ ಸರೋವರಗಳ ಸಾಲ್ಮನ್ ಮತ್ತು ಪರ್ಚ್ ಮೀನುಗಳ ಬೇಟೆಯ ವಿಡಿಯೊಗಳನ್ನು ನೋಡಿ, ನಮ್ಮ ಕಡೆ ಅಂಥ ನೀರು ಎಲ್ಲಿದೆ ಎಂದು ಆಗಾಗ ಕೇಳುತ್ತಾರೆ. ಸಾಲ್ಮನ್ ತಣ್ಣೀರಿನ ಮೀನಾದ್ದರಿಂದ ಕೃಷ್ಣೆಯಲ್ಲಾಗಲಿ ಭೀಮೆಯಲ್ಲಾಗಲಿ ಅದು ಇಲ್ಲ. ಪೇಟೆಯಲ್ಲಿ ಇಂಡಿಯನ್ ಸಾಲ್ಮನ್ ಎಂದು ಮಾರುವ ರಾವಸ್ ಬೇರೆಯೇ ಜಾತಿಯ ಕಡಲ ಮೀನು. ಆದರೆ ಕಣ್ಣು ಹರಿಯುವಷ್ಟು ದೂರ ಹರಡಿದ ಸಿಹಿನೀರಿನ ದಡದಲ್ಲಿ ದಿನವಿಡೀ ಕೂರುವ ಆಸೆಯಿದ್ದರೆ, ಯಾದಗಿರಿ ಜಿಲ್ಲೆಯ ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಕಟ್ಟಿರುವ ಬಸವಸಾಗರಕ್ಕೆ ಹೋಗಬೇಕು. ಕಳೆದ ಡಿಸೆಂಬರಿನಲ್ಲಿ ನಾನೂ ನನ್ನ ಸೋದರಳಿಯನೂ ಅಲ್ಲಿ ಎರಡು ದಿನ ಕಳೆದೆವು.

ಕಟ್ಟಿಸಂಗಾವಿಯ ಬಳಿ ಭೀಮೆಯನ್ನು ದಾಟಿ, ಜೇವರ್ಗಿ, ಶಹಾಪುರ, ಸುರಪುರ, ಹುಣಸಗಿ ಮಾರ್ಗವಾಗಿ ಹೋಗಬಹುದು. ಸ್ವಂತ ವಾಹನ ಒಳ್ಳೆಯದು; ಬಸ್ಸಿನಲ್ಲಿ ಹೋಗುವವರು ಹಿಂದಿನ ಸಂಜೆಯೇ ಸುರಪುರ ತಲುಪಿ ಅಲ್ಲಿ ತಂಗಿದರೆ ಮುಂಜಾನೆಯ ಹೊತ್ತು ಕೈತಪ್ಪುವುದಿಲ್ಲ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೆಂದರೆ ಅನುಮತಿ ಪಡೆಯುವುದು. ಜಲಾಶಯದ ಮೀನು ಯಾರು ಬೇಕಾದರೂ ಹಿಡಿದೊಯ್ಯುವಂಥದ್ದಲ್ಲ. ಅಲ್ಲಿ ಮೀನುಮರಿಗಳನ್ನು ಬಿಟ್ಟು ಬೆಳೆಸಲಾಗುತ್ತದೆ ಮತ್ತು ಪರವಾನಗಿ ಪಡೆದ ಮೀನುಗಾರರ ಹೊಟ್ಟೆಪಾಡು ಅದರ ಮೇಲೆಯೇ ನಿಂತಿದೆ. ಆದ್ದರಿಂದ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ, ಅನಂತರ ದಡದ ಮೀನುಗಾರರನ್ನೂ ಮಾತನಾಡಿಸಿಯೇ ಗಾಳ ಬಿಚ್ಚಬೇಕು. ಹೀಗೆ ಕೇಳಿಕೊಂಡು ಹೋದದ್ದರಿಂದಲೇ ನಮಗೆ ಒಳ್ಳೆಯ ಜಾಗವೂ ಸಿಕ್ಕಿತು, ಮುಖ್ಯವಾದ ಒಂದು ಎಚ್ಚರಿಕೆಯೂ ಸಿಕ್ಕಿತು. ಮೊಣಕಾಲುದ್ದ ನೀರಿಗಿಳಿದು ನಿಂತಿದ್ದ ಸೋದರಳಿಯನನ್ನು ಕಂಡು, ಬಲೆ ಒಣಹಾಕುತ್ತಿದ್ದ ಹಿರಿಯರೊಬ್ಬರು, “ತಮ್ಮಾ, ನೀರಾಗ ನಿಂದರಬ್ಯಾಡ, ಮ್ಯಾಲ ಬಾ, ಮೊಸಳಿ ಅದಾವ” ಎಂದು ಕೂಗಿದರು. ಕೃಷ್ಣೆಯ ಈ ಭಾಗದಲ್ಲಿ ಮೊಸಳೆಗಳಿರುವುದು ನಿಜ. ನೀರಿನ ಅಂಚಿನಿಂದ ನಾಲ್ಕೈದು ಮಾರು ಹಿಂದೆ, ಸ್ವಲ್ಪ ಎತ್ತರದಲ್ಲಿ ಕೂರಬೇಕು. ಮೀನು ಸ್ವಚ್ಛ ಮಾಡುವುದಕ್ಕಾಗಲಿ ಕೈ ತೊಳೆಯುವುದಕ್ಕಾಗಲಿ ದಡದಲ್ಲಿ ಬಗ್ಗಬಾರದು, ಬಕೆಟ್ಟಿಗೆ ಹಗ್ಗ ಕಟ್ಟಿ ನೀರು ಸೇದಿಕೊಳ್ಳಬೇಕು. ಅಣೆಕಟ್ಟೆಯ ಹತ್ತಿರ ಹೋಗಲೇಬಾರದು. ಅದರ ಕೆಳಗಿನ ನದಿಪಾತ್ರ ಇನ್ನೂ ಅಪಾಯಕಾರಿ, ಏಕೆಂದರೆ ಗೇಟು ತೆರೆದಾಗ ನೀರು ಏರುವ ವೇಗಕ್ಕೆ ಓಡಿ ಬರಲು ಸಮಯ ಸಿಗುವುದಿಲ್ಲ. ಮಳೆಗಾಲದಲ್ಲಿ ಸಮೀಪದ ಛಾಯಾ ಭಗವತಿ ದೇವಸ್ಥಾನದವರೆಗೂ ನೀರು ನುಗ್ಗುವುದನ್ನು ನೆನಪಿಟ್ಟುಕೊಂಡರೆ ಸಾಕು.

ಕಾಲದ ಬಗ್ಗೆ ನನ್ನ ಅಭಿಪ್ರಾಯ ಖಚಿತವಾಗಿದೆ. ಜುಲೈ, ಆಗಸ್ಟ್ ತಿಂಗಳುಗಳಲ್ಲಿ ನೀರು ಕೆಂಪಗೆ ಕದಡಿರುತ್ತದೆ, ಅಲ್ಲದೆ ಅದು ಗೆಂಡೆ ಜಾತಿಯ ಮೀನುಗಳು ಮೊಟ್ಟೆಯಿಡುವ ಕಾಲ. ಆಗ ಅವುಗಳ ಗೊಡವೆಗೆ ಹೋಗದಿರುವುದೇ ಸರಿ. ನವೆಂಬರಿನಿಂದ ಫೆಬ್ರುವರಿಯವರೆಗೆ ನೀರು ತಿಳಿಯಾಗಿರುತ್ತದೆ, ಬಿಸಿಲೂ ತಡೆಯುವಂತಿರುತ್ತದೆ.

ಇನ್ನು ಗಾಳಕ್ಕೆ ಸಿಕ್ಕಿಸುವ ಎರೆಯ ವಿಚಾರ. ನಮ್ಮ ಎರೆಹೊಲಗಳು ಚಳಿಗಾಲಕ್ಕೆ ಬಿರುಕು ಬಿಟ್ಟು ಗಟ್ಟಿಯಾಗುವುದರಿಂದ ಅಲ್ಲಿ ಎರೆಹುಳು ಅಗೆದರೂ ಸಿಗುವುದಿಲ್ಲ. ಹುಣಸಗಿಯ ಸುತ್ತ ಎಡದಂಡೆ ಕಾಲುವೆಯ ನೀರುಣ್ಣುವ ಗದ್ದೆಗಳ ಬದುವಿನಲ್ಲಿ, ಹೊಲದವರನ್ನು ಕೇಳಿ, ಹಸಿಮಣ್ಣಿನ ಸಮೇತ ಒಂದು ಡಬ್ಬಿ ತುಂಬಿಕೊಳ್ಳಬಹುದು. ರೋಹು, ಕಾಟ್ಲಾ ಮೀನುಗಳಿಗೆ ಹಿಟ್ಟಿನ ಉಂಡೆಯೇ ಮೇಲು. ಮೊದಲ ದಿನ ನಾನು ತಣ್ಣೀರಿನಲ್ಲಿ ಕಲಸಿದ ಜೋಳದ ಹಿಟ್ಟಿನ ಉಂಡೆ ನೀರು ಮುಟ್ಟುತ್ತಿದ್ದಂತೆಯೇ ಉದುರಿಹೋಗಿ, ಒಂದು ತಾಸು ಬರಿಗಾಳವೇ ನೀರಿನಲ್ಲಿತ್ತು. ರೊಟ್ಟಿ ಬಡಿಯುವವರಿಗೆಲ್ಲ ಗೊತ್ತಿರುವ ಮಾತಿದು: ಜೋಳಕ್ಕೆ ತನ್ನದೇ ಜಿಗಿ ಇಲ್ಲ, ಕುದಿಯುವ ಎಸರು ಹಾಕಿ ನಾದಬೇಕು. ಮರುದಿನ ಸುರಪುರದಿಂದ ಹೊರಡುವ ಮೊದಲೇ ಎಸರಿನಲ್ಲಿ ನಾದಿ, ನೆನೆಸಿದ ಶೇಂಗಾ ಹಿಂಡಿಯನ್ನೂ ಒಂದು ಹಿಡಿ ಗೋಧಿ ಹಿಟ್ಟನ್ನೂ ಸೇರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ ಒಯ್ದೆವು. ಬೋರೆಕಾಯಿ ಗಾತ್ರದ ಉಂಡೆ ಇಪ್ಪತ್ತು ನಿಮಿಷವಾದರೂ ಗಾಳವನ್ನು ಬಿಡಲಿಲ್ಲ.

ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುನೀರಿನಲ್ಲಿ, ಮೃಗಾಲ್ ತಳದಲ್ಲಿ. ನೀರಿನ ಮೇಲೆ ತೇಲುವ ಬೆಂಡನ್ನು ದಾರದಲ್ಲಿ ಗಾಳದಿಂದ ಎಷ್ಟು ಮೇಲೆ ಕಟ್ಟಬೇಕೆಂಬುದು ಇದರಿಂದಲೇ ನಿರ್ಧಾರವಾಗುತ್ತದೆ. ಬೆಂಡು ಅಲುಗಿದೊಡನೆ ಎಳೆಯಬೇಡಿ. ರೋಹು ಮೊದಲು ಉಂಡೆಯನ್ನು ತುಟಿಯಿಂದ ಮುಟ್ಟಿ ನೋಡುತ್ತದೆ, ಬೆಂಡು ಎರಡು ಮೂರು ಸಲ ಸಣ್ಣಗೆ ನಡುಗುತ್ತದೆ, ಮತ್ತೆ ಸುಮ್ಮನಾಗುತ್ತದೆ, ಆಮೇಲೆ ಓರೆಯಾಗಿ ಜಾರುತ್ತ ಮುಳುಗುತ್ತದೆ. ಎತ್ತಬೇಕಾದದ್ದು ಆ ಗಳಿಗೆಯಲ್ಲಿ. ಮೊದಲ ಸಂಜೆ ನಾನು ದಾರ ಸುತ್ತಿದ ರೀಲಿನ ಬಿಗಿಯನ್ನು ಸಡಿಲಿಸದೆ ಇಟ್ಟಿದ್ದರಿಂದ ದೊಡ್ಡ ಮೀನೊಂದು ಒಂದೇ ಎಳೆತಕ್ಕೆ ದಾರ ಹರಿದುಕೊಂಡು ಹೋಯಿತು. ಮೀನು ತಪ್ಪಿದ್ದಕ್ಕಿಂತ, ಗಾಳ ಅದರ ಬಾಯಲ್ಲೇ ಉಳಿಯಿತಲ್ಲ ಎಂಬ ನೋವು ನನಗಿನ್ನೂ ಇದೆ. ಕೈಯಿಂದ ಜೋರಾಗಿ ಎಳೆದರೆ ದಾರ ಬಿಚ್ಚಿಕೊಳ್ಳುವಷ್ಟು ಸಡಿಲವನ್ನು ಮೊದಲೇ ಹೊಂದಿಸಿಕೊಳ್ಳಿ.

ಪರ್ಚ್ ಮೀನಿನ ಆಸೆಯುಳ್ಳವರಿಗೆ ಜಿಲೇಬಿ, ಅಂದರೆ ತಿಲಾಪಿಯ, ಸಮಾಧಾನ ಕೊಟ್ಟೀತು. ಆಫ್ರಿಕಾ ಮೂಲದ ಈ ಮೀನನ್ನು ಭಾರತಕ್ಕೆ ತಂದದ್ದು 1952ರಲ್ಲಿ. ಪರ್ಚ್‌ಗೆ ಇರುವಂತೆ ಇದರ ಬೆನ್ನಿನ ರೆಕ್ಕೆಯಲ್ಲೂ ಸಾಲು ಮುಳ್ಳುಗಳಿವೆ. ತಲೆಯ ಕಡೆಯಿಂದ ಬಾಲದತ್ತ ಅಂಗೈ ಸವರಿ ರೆಕ್ಕೆಯನ್ನು ಮಡಚಿಯೇ ಹಿಡಿಯಬೇಕು. ಎರೆಹುಳುವಿಗೆ ಇದು ಬೇಗ ಬರುತ್ತದೆ, ಮಕ್ಕಳ ಕೈಗೆ ಮೊದಲ ಗಾಳ ಕೊಡಲು ಇದಕ್ಕಿಂತ ಒಳ್ಳೆಯ ಮೀನಿಲ್ಲ.

ಎರಡು ದಿನಕ್ಕೆ ನಮಗೆ ಎರಡು ರೋಹು, ಒಂಬತ್ತು ಜಿಲೇಬಿ ಸಿಕ್ಕವು. ಒಂದು ರೋಹುವನ್ನೂ ನಾಲ್ಕು ಜಿಲೇಬಿಗಳನ್ನೂ ಇಟ್ಟುಕೊಂಡು ಉಳಿದವನ್ನು ಒದ್ದೆ ಕೈಯಲ್ಲೇ ಹಿಡಿದು ನೀರಿಗೆ ಬಿಟ್ಟೆವು. ಹತ್ತು ಗಂಟೆಯ ನಂತರ ಗಾಳಿ ಎದ್ದು ಬೆಂಡು ಕಾಣದಂತಾಗುವುದರಿಂದ, ಬೆಳಗಿನ ಪಾಳಿ ಮುಗಿಸಿ ರೊಟ್ಟಿಗಂಟು ಬಿಚ್ಚಿ, ನಾಲ್ಕರ ನಂತರ ಮತ್ತೆ ಕೂರುವುದು ಲೇಸು. ಐಸ್ ಪೆಟ್ಟಿಗೆಯನ್ನು ಹೋಗುವಾಗಲೇ ತುಂಬಿಸಿಕೊಂಡು ಹೋಗಿ. ದಡದಲ್ಲಿ ನೆರಳೂ ಇಲ್ಲ, ಐಸೂ ಸಿಗುವುದಿಲ್ಲ.